ಕೊಂದವರು ಯಾರು ಅಂತ ಕೇಳೋ ಮುಂಚೆ...

ಹೋದ ತಿಂಗಳು ತಂಗಿ ಬಂದಿದ್ದಳು. ಹೊರಗೆ ಜಿಟಿಜಿಟಿ ಮಳೆ, ಎಲ್ಲಿಗೂ ಹೋಗೋ ಹಾಗಿಲ್ಲ. "ಏನಾದ್ರೂ ಒಳ್ಳೇ ಪತ್ತೇದಾರಿ ಹಾಕೋ" ಅಂದಳು. ನನ್ನ ಹಳೇ ಹುಚ್ಚು 'ಟ್ವಿನ್ ಪೀಕ್ಸ್' ಹಾಕಿದೆ. ಅರ್ಧ ಗಂಟೆ ಆಗಿಲ್ಲ, ಶುರುವಾಯ್ತು: "ಅಣ್ಣಾ, ಆ ಹುಡುಗೀನ ಕೊಂದಿದ್ದು ಯಾರು ಅಂತ ಹೇಳ್ಬಿಡೋ, ಆಮೇಲೆ ನೆಮ್ಮದಿಯಾಗಿ ನೋಡ್ತೀನಿ."

"ಸುಮ್ನೆ ನೋಡೇ" ಅಂದೆ.

ಅವಳನ್ನ ಬೈದು ಪ್ರಯೋಜನ ಇಲ್ಲ ಬಿಡಿ. 1990ರಲ್ಲಿ ಇಡೀ ಅಮೆರಿಕ ಕೇಳುತ್ತಿದ್ದದ್ದೂ ಇದೇ ಪ್ರಶ್ನೆ. ಆ ಪ್ರಶ್ನೆಯೇ ಸಾಲದು ಅನ್ನೋದು ನನ್ನ ವಾದ. (ಮುಂದೆ ಗುಟ್ಟೆಲ್ಲ ರಟ್ಟಾಗುತ್ತೆ. ನೋಡಿಲ್ಲದವರು ನೋಡಿ ಬಂದು ಓದಿ, ಆಮೇಲೆ ನನಗೆ ಶಾಪ ಹಾಕಬೇಡಿ :-))

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಮಾಡಿದ ಈ ಧಾರಾವಾಹಿ 1990ರ ಏಪ್ರಿಲ್ 8ರಂದು ಎಬಿಸಿ ಚಾನೆಲ್ಲಿನಲ್ಲಿ ಶುರುವಾಯಿತು. ಟ್ವಿನ್ ಪೀಕ್ಸ್ ಅನ್ನೋದು ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಯ ಹತ್ತಿರ ಇರುವ ಒಂದು ಕಲ್ಪಿತ ಊರು. ಸುತ್ತ ಕಾಡು, ಮಂಜು, ಒಂದು ಸಾಮಿಲ್ಲು, ಜಲಪಾತದ ನೆತ್ತಿಯ ಮೇಲೊಂದು ಹೋಟೆಲ್ಲು. ಊರಿನ ಫಲಕದಲ್ಲಿ ಜನಸಂಖ್ಯೆ 51,201 ಅಂತ ಇದೆ, ಆದರೆ ಎಲ್ಲರಿಗೂ ಎಲ್ಲರ ವಿಷಯ ಗೊತ್ತು! ಒಂದು ಬೆಳಿಗ್ಗೆ ನೀರಿನ ದಡದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಾರಾ ಪಾಮರ್ ಎಂಬ ಹೈಸ್ಕೂಲು ಹುಡುಗಿಯ ಹೆಣ ಸಿಗುತ್ತೆ. ತನಿಖೆಗೆ ಎಫ್‌ಬಿಐನ ಡೇಲ್ ಕೂಪರ್ ಬರುತ್ತಾನೆ. ಕಾಫಿ, ಚೆರ್ರಿ ಪೈ ಕಂಡರೆ ಪ್ರಾಣ ಬಿಡುವ ಆಸಾಮಿ. ಕನಸಿನಲ್ಲಿ ಸುಳಿವು ಹುಡುಕುತ್ತಾನೆ, ಬಾಟಲಿಗೆ ಕಲ್ಲು ಹೊಡೆದು ಶಂಕಿತರನ್ನು ಆರಿಸುತ್ತಾನೆ. ಮರದ ತುಂಡನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುವ ಹೆಂಗಸೊಬ್ಬಳು ಬೇರೆ. ಪತ್ತೇದಾರಿ, ಅಳುಮುಂಜಿ ಧಾರಾವಾಹಿ, ಹಾಸ್ಯ, ದೆವ್ವದ ಕಥೆ ಎಲ್ಲ ಕಲಸಿದ ಚಿತ್ರಾನ್ನ.

ಎಲ್ಲರೂ ಹೊಗಳೋದು ಈ ಕಲಸುಮೇಲೋಗರವನ್ನೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಹೆಣ ಅಂದರೆ ಬಿಡಿಸಬೇಕಾದ ಒಂದು ಲೆಕ್ಕ. ಯಾರೂ ಅಳೋದಿಲ್ಲ, ಅತ್ತರೂ ಅರ್ಧ ನಿಮಿಷ. ಇಲ್ಲಿ ಮೊದಲ ಕಂತಿನಲ್ಲಿ ಊರಿಗೆ ಊರೇ ಅಳುತ್ತೆ. ಹೆಣದ ಫೋಟೋ ತೆಗೆಯಬೇಕಾದ ಪೊಲೀಸಪ್ಪ ಆಂಡಿ ಅಳುತ್ತಾನೆ. ಶಾಲೆಯಲ್ಲಿ ಖಾಲಿ ಡೆಸ್ಕು ನೋಡಿಯೇ ಗೆಳತಿಗೆ ಅರ್ಥವಾಗಿಬಿಡುತ್ತೆ. ಅಮ್ಮ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಾಗಲೇ ಆ ಕಡೆ ಶೆರಿಫ್ ಬಂದು ನಿಲ್ಲುತ್ತಾನೆ, ಅಪ್ಪನ ಕೈಯಿಂದ ಫೋನು ಜಾರುತ್ತೆ, ಅದರೊಳಗಿಂದ ಅಮ್ಮನ ಕಿರುಚಾಟ ಕೇಳುತ್ತಲೇ ಇರುತ್ತೆ. ನಮ್ಮ ಕೈ ರಿಮೋಟಿಗೆ ಹೋಗುತ್ತೆ. ಆದರೂ ಕ್ಯಾಮೆರಾ ಅಲ್ಲಿಂದ ಕದಲಲ್ಲ.

ಲಿಂಚ್‌ಗೆ ಉತ್ತರ ಹೇಳುವ ಅವಸರ ಇರಲಿಲ್ಲ. ಚಾನೆಲ್ಲಿನವರಿಗೆ ಇತ್ತು. ಕೊನೆಗೆ 1990ರ ನವೆಂಬರಿನಲ್ಲಿ ಉತ್ತರ ಬಂತು. ಕೊಂದವನು ಅಪ್ಪ, ಲೀಲೆಂಡ್. ಬರೀ ಕೊಂದದ್ದಲ್ಲ, ವರ್ಷಗಟ್ಟಲೆ ಮಗಳ ಮೇಲೆ ಅತ್ಯಾಚಾರ ಮಾಡುತ್ತಾ ಬಂದವನು. ಆಮೇಲೆ ಕಥೆ ದಾರಿ ತಪ್ಪಿತು, ಜನ ನೋಡೋದು ಬಿಟ್ಟರು, 1991ರ ಜೂನಿನಲ್ಲಿ ಧಾರಾವಾಹಿ ಮುಗಿಯಿತು. ಗುಟ್ಟು ಬಿಟ್ಟುಕೊಟ್ಟಿದ್ದೇ ತಪ್ಪು ಅಂತ ಇವತ್ತಿಗೂ ಹೇಳುವವರಿದ್ದಾರೆ.

ನನಗೆ ಹಾಗನ್ನಿಸಲ್ಲ. ಜನರಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ ಅಷ್ಟೆ. ಹೊರಗಿನ ಯಾವನೋ ಹುಚ್ಚ, ಯಾವನೋ ಡ್ರಗ್ಸ್ ಮಾರೋನು ಆಗಿದ್ದರೆ ಎಲ್ಲರೂ ನೆಮ್ಮದಿಯಾಗಿ ಮಲಗಬಹುದಿತ್ತು. ಕಥೆಯೊಳಗೂ ಅಷ್ಟೇ. ಲೀಲೆಂಡನ ಮೈಮೇಲೆ ಬಾಬ್ ಅನ್ನೋ ದುಷ್ಟ ಶಕ್ತಿ ಬಂದಿತ್ತಂತೆ. ಅವನು ಸತ್ತ ಮೇಲೆ ಶೆರಿಫ್ "ಇದನ್ನ ನಂಬೋದು ಕಷ್ಟ" ಅನ್ನೋ ಅರ್ಥದಲ್ಲಿ ಮಾತಾಡಿದಾಗ ಕೂಪರ್ ತಿರುಗಿ ಕೇಳುತ್ತಾನೆ: ಅಪ್ಪನೇ ಮಗಳಿಗೆ ಹೀಗೆ ಮಾಡಿದ ಅಂತ ನಂಬೋದು ಸುಲಭವಾ? ದೆವ್ವದ ಕಥೆ ಯಾಕೆ ಬೇಕಾಯ್ತು ಅಂತ ನನಗೆ ಹೊಳೆದದ್ದು ಅಲ್ಲೇ. ಅಪ್ಪನ ಮುಖ ನೋಡಲಾರದ ಊರಿಗೆ ದೆವ್ವ ಒಂದು ಪರದೆ.

ಲಾರಾಳ ಶವಸಂಸ್ಕಾರದ ದಿನ ಅವಳ ಹುಡುಗ ಬಾಬಿ ಎಲ್ಲರ ಮುಂದೆ ಕೂಗಾಡುತ್ತಾನೆ. ಅವಳು ಕಷ್ಟದಲ್ಲಿದ್ದದ್ದು ನಿಮಗೆಲ್ಲ ಗೊತ್ತಿತ್ತು, ಏನೂ ಮಾಡಲಿಲ್ಲ, ಕೊಂದವರು ನಾವೆಲ್ಲ ಅಂತ. ಗಮನಿಸಿ, ಇದು ಕೊಲೆಗಾರ ಯಾರು ಅಂತ ಗೊತ್ತಾಗುವುದಕ್ಕೆ ಎಷ್ಟೋ ಮುಂಚೆ! ನಿಜವಾದ ಉತ್ತರ ಅಲ್ಲೇ ಇತ್ತು. ನಾವು ಸುಳಿವು ಹುಡುಕುವ ಭರದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ.

1992ರಲ್ಲಿ ಲಿಂಚ್ 'ಫೈರ್ ವಾಕ್ ವಿತ್ ಮಿ' ಸಿನಿಮಾ ಮಾಡಿ ಲಾರಾಳ ಕೊನೆಯ ದಿನಗಳನ್ನು ತೋರಿಸಿದ. ಫೋಟೋ ಆಗಿದ್ದವಳಿಗೆ ಶೆರಿಲ್ ಲೀ ಜೀವ ಕೊಟ್ಟಳು. ಅದರಲ್ಲಿ ಊಟದ ಮೇಜಿನ ಮುಂದೆ ಅಪ್ಪ ಮಗಳ ಉಗುರು ಕೊಳೆ ಅಂತ ಗದರುವ ಒಂದು ದೃಶ್ಯ ಇದೆ, ಯಾವ ದೆವ್ವದ ಸಿನಿಮಾನೂ ನನ್ನನ್ನ ಅಷ್ಟು ಹೆದರಿಸಿಲ್ಲ. ಆಗ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಬೈದರು. ಹೆಣವಾಗಿದ್ದಾಗ ಎಲ್ಲರಿಗೂ ಬೇಕಾಗಿದ್ದವಳು ಬದುಕಿ ಎದುರಿಗೆ ಬಂದಾಗ ಯಾರಿಗೂ ಬೇಡವಾದಳು! 2017ರಲ್ಲಿ ಬಂದ 18 ಕಂತುಗಳಲ್ಲಿ ಕೂಪರ್ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಅವಳನ್ನು ಉಳಿಸಲು ಹೋಗುತ್ತಾನೆ. ಕೊನೆಗೆ ಉಳಿಯೋದು ಆ ಮನೆ ಮುಂದೆ ಒಂದು ಕಿರುಚಾಟ ಮಾತ್ರ. ಕೊಲೆಯನ್ನು ಪತ್ತೆ ಹಚ್ಚಬಹುದು, ಆಗದ ಹಾಗೆ ಮಾಡೋಕಾಗಲ್ಲ. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಮಾತು ನನಗಂತೂ ಇದೇ.

ಇದು ಅಮೆರಿಕದ ಯಾವುದೋ ವಿಚಿತ್ರ ಊರಿನ ಕಥೆ ಅಂತ ಪಕ್ಕಕ್ಕಿಡಬೇಡಿ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳನ್ನು ತೆಗೆದು ನೋಡಿ. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ.

ತಂಗಿ ಎರಡು ವಾರಾಂತ್ಯ ಬಂದು ಕೂತು ಆ ಕಂತಿನವರೆಗೂ ನೋಡಿದಳು. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲೇ ಹೇಳಿದ್ರೆ ನಾನು ನೋಡ್ತಾನೇ ಇರ್ಲಿಲ್ಲ ಅಣ್ಣಾ" ಅಂದಳು.

ಅದಕ್ಕೇ ಹೇಳಲಿಲ್ಲ.