ಏರುವುದಷ್ಟೇ ರಾಕೆಟ್ಟಲ್ಲ

ಪಟ್ಟನಾಯಕನಹಳ್ಳಿಯ ಸುತ್ತಮುತ್ತಲ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ರಟ್ಟಿನ ರಾಕೆಟ್ಟುಗಳನ್ನು ಬಹಳ ಕಂಡಿದ್ದೇನೆ. ಬಾಲದ ಬೆಂಕಿಗೆ ಕೆಂಪು ಬಣ್ಣ ತಪ್ಪುವುದಿಲ್ಲ. ಒಳಗೇನಿದೆ ಎಂದು ಕೇಳಿದರೆ ಮಕ್ಕಳು ಮೌನ. ತಪ್ಪು ಅವರದಲ್ಲ, ಕಲಿಸಿದ ನಮ್ಮದು.

ದೊಡ್ಡ ಮಾದರಿ ರಾಕೆಟ್ಟಿನ ನಡುವೆ ಒಂದು ಎಲೆಕ್ಟ್ರಾನಿಕ್ ಕೋಶವಿರುತ್ತದೆ. ಅದರ ಗೋಡೆಯ ಸಣ್ಣ ರಂಧ್ರಗಳ ಮೂಲಕ ಹೊರಗಾಳಿಯ ಒತ್ತಡ ಒಳಗಿನ ಮಾಪಕಕ್ಕೆ ತಿಳಿಯುತ್ತದೆ. ಒಂದು ಕಿಲೋಮೀಟರ್ ಏರಿದರೆ ಒತ್ತಡ ಸುಮಾರು ಹತ್ತನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಕುಗ್ಗುವುದು ನಿಂತು ಮತ್ತೆ ಹೆಚ್ಚತೊಡಗಿದರೆ ರಾಕೆಟ್ಟು ತುದಿ ಮುಟ್ಟಿತೆಂದು ಅರ್ಥ. ಆಗ ಪ್ಯಾರಾಚೂಟ್ ಬಿಚ್ಚುವ ಆಜ್ಞೆ ಹೊರಡುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಬಲ್ಲವರು ಎರಡು ಮಾಪಕ, ಎರಡು ಬ್ಯಾಟರಿ ಇಡುತ್ತಾರೆ.

ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಯು.ಆರ್. ರಾಯರ ಮುಂದಾಳ್ತನದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಸರಿಯಾಗಿಯೇ ಕಕ್ಷೆಗೆ ಸೇರಿಸಿತು. ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಸೋತದ್ದು ಬೆಂಕಿಯಲ್ಲ.

ಮಕ್ಕಳು ಮದ್ದು ತುಂಬುವುದು ಬೇಡ, ಅದು ಅಪಾಯ. ಒಂದು ಒತ್ತಡಮಾಪಕ ಹಿಡಿದು ಮಧುಗಿರಿ ಬೆಟ್ಟ ಹತ್ತಲಿ, ಮೆಟ್ಟಿಲು ಮೆಟ್ಟಿಲಿಗೂ ಅಂಕಿ ಬರೆದುಕೊಳ್ಳಲಿ. ಮುಂದಿನ ಪ್ರದರ್ಶನದಲ್ಲಿ ಬಹುಮಾನ ಕೆಂಪು ಬಣ್ಣಕ್ಕಲ್ಲ, ಆ ಪುಸ್ತಕಕ್ಕೆ ಸಲ್ಲಲಿ.