ಸೀಸ ಕರಗಿತು, ಶ್ರದ್ಧೆ ಕರಗಲಿಲ್ಲ

ನಮ್ಮ ಮಲೆನಾಡಿನ ಕಾಡುಗಳಲ್ಲಿ ಕವಲು ಎಂಬ ಮರವಿದೆ. ಬೇಸಿಗೆಯಲ್ಲಿ ಅದು ಕೇಸರಗಳ ಕುಚ್ಚಿನಂತಹ ದೊಡ್ಡ ಹೂ ಬಿಡುತ್ತದೆ. ಅದರ ಸಸ್ಯಶಾಸ್ತ್ರೀಯ ಹೆಸರು ಕೇರಿಯ ಆರ್ಬೋರಿಯ. ಸಸ್ಯವಿಜ್ಞಾನಿ ರಾಕ್ಸ್‌ಬರೋ ಈ ಹೆಸರಿಟ್ಟದ್ದು ತನ್ನ ಗೆಳೆಯ ವಿಲಿಯಂ ಕೇರಿಯ ಗೌರವಾರ್ಥ. ಕೇರಿ ಬ್ಯಾಪ್ಟಿಸ್ಟ್ ಸಭೆಯ ಪಾದ್ರಿ. ಪಾದ್ರಿಗೂ ಕಾಡುಮರಕ್ಕೂ ಏನು ನಂಟು ಎಂದು ವಿದ್ಯಾರ್ಥಿಗಳು ಕೇಳಬಹುದು.

ಕೇರಿ ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ತಂದೆ ನೇಕಾರರಾಗಿದ್ದು ಮುಂದೆ ಶಾಲಾಮಾಸ್ತರರಾದವರು. ಹುಡುಗ ಚಪ್ಪಲಿ, ಬೂಟು ಹೊಲಿಯುವ ಕಸುಬು ಕಲಿತ. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. ಅಂಗಡಿಯ ಗೋಡೆಯ ಮೇಲೆ ತಾನೇ ಬರೆದ ಪ್ರಪಂಚದ ನಕ್ಷೆ ಅಂಟಿಸಿಕೊಂಡಿದ್ದ. ಹಸುಗೂಸಿಗಲ್ಲ, ತಿಳಿದು ನಂಬಿದವನಿಗೇ ದೀಕ್ಷಾಸ್ನಾನ ಎನ್ನುವುದು ಬ್ಯಾಪ್ಟಿಸ್ಟರ ಮತ. ಕೇರಿ 1783ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ನದಿಯಲ್ಲಿ ಮುಳುಗಿ ಆ ದೀಕ್ಷೆ ಪಡೆದ.

1793ರಲ್ಲಿ ಆತ ಸಂಸಾರಸಮೇತ ಬಂಗಾಳಕ್ಕೆ ಬಂದ. ಹೊಟ್ಟೆಪಾಡಿಗೆ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಮೊದಲು ಬರಲೊಪ್ಪದೆ, ಕೊನೆಗೆ ಒತ್ತಾಯಕ್ಕೆ ಹೊರಟುಬಂದಿದ್ದ ಪತ್ನಿ ಡೊರೊತಿ ಮನೋರೋಗಕ್ಕೆ ತುತ್ತಾಗಿ, 1807ರಲ್ಲಿ ಸಾಯುವವರೆಗೂ ಗುಣವಾಗಲಿಲ್ಲ. ಒಬ್ಬನ ನಂಬಿಕೆಗೆ ಮನೆಯವರು ತೆತ್ತ ಬೆಲೆಯನ್ನು ಮರೆಮಾಚಿ ಆತನನ್ನು ಹೊಗಳುವುದು ನ್ಯಾಯವಲ್ಲ. ಮೊದಲ ಏಳು ವರ್ಷ ಆತನ ಬೋಧನೆಗೆ ಬಂಗಾಳದ ಒಬ್ಬನೂ ಒಲಿದು ದೀಕ್ಷೆ ಪಡೆಯಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ದುಡಿಯುವುದು ತನ್ನ ಪಾಲು, ಫಲ ದೇವರ ಪಾಲು ಎಂಬುದೇ ಆತನ ವಿಶ್ವಾಸವಾಗಿತ್ತು.

1800ರಲ್ಲಿ ಶ್ರೀರಾಮಪುರದಲ್ಲಿ ಸಂಗಡಿಗರೊಡನೆ ಮುದ್ರಣಾಲಯ ಸ್ಥಾಪಿಸಿದ. 1812ರ ಮಾರ್ಚ್ 11ರ ಸಂಜೆ ಅದಕ್ಕೆ ಬೆಂಕಿ ಬಿತ್ತು. ಆಗ ಕೇರಿ ಕಲ್ಕತ್ತೆಯಲ್ಲಿದ್ದ. ಭಾರತೀಯ ಭಾಷೆಗಳ ಅಚ್ಚುಮೊಳೆಗಳು, ಕಾಗದ, ವರ್ಷಗಟ್ಟಲೆ ಶ್ರಮಿಸಿ ಬರೆದಿದ್ದ ಬಹುಭಾಷಾ ನಿಘಂಟಿನ ಹಸ್ತಪ್ರತಿ ಎಲ್ಲವೂ ಹೋದವು.

ಇಲ್ಲಿ ಸ್ವಲ್ಪ ವಿಜ್ಞಾನ ನೋಡೋಣ. ಅಚ್ಚುಮೊಳೆ ಎಂದರೆ ಸೀಸ, ತವರ, ಆಂಟಿಮನಿಗಳ ಮಿಶ್ರಲೋಹ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ; ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಆದ್ದರಿಂದ ಮೊಳೆಗಳು ಕರಗಿ ಗಟ್ಟಿಯಾಗಿ ಬಿದ್ದಿದ್ದರೂ ಅಕ್ಷರಗಳ ಉಕ್ಕಿನ ಪಡಿಯಚ್ಚುಗಳು ಬೂದಿಯಡಿ ಉಳಿದಿದ್ದವು. ಕರಗಿದ ಸೀಸವನ್ನೇ ಹೆಕ್ಕಿ ಮತ್ತೆ ಎರಕ ಹೊಯ್ದರು. ಕೆಲವೇ ತಿಂಗಳಲ್ಲಿ ಮುದ್ರಣ ಮರಳಿ ಸಾಗಿತು.

ಸುಟ್ಟ ಹಸ್ತಪ್ರತಿಗೆ ಎರಕವಿಲ್ಲ. ಅದನ್ನು ಮತ್ತೆ ಬರೆಯಬೇಕು, ಇಲ್ಲವೇ ಬಿಡಬೇಕು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭವೆಂದು ಸಮಾಧಾನ ಹೇಳಿಕೊಂಡು ಕೇರಿ ಮತ್ತೆ ಬರೆಯಲು ಕುಳಿತ. ಐದು ವರ್ಷಗಳ ನಂತರ, 1817ರಲ್ಲಿ, ಅದೇ ಮುದ್ರಣಾಲಯದಿಂದ ಆತನ ಕನ್ನಡ ವ್ಯಾಕರಣ ಹೊರಬಂತು. ರಾಕ್ಸ್‌ಬರೋನ ಸಸ್ಯಗ್ರಂಥವನ್ನೂ ಆತ 1820ರಲ್ಲಿ ಅಚ್ಚು ಮಾಡಿಸಿದ. 1829ರಲ್ಲಿ ಸತಿಪದ್ಧತಿ ನಿಷೇಧದ ಆಜ್ಞೆ ಅನುವಾದಕ್ಕೆಂದು ಕೈಸೇರಿದ್ದು ಭಾನುವಾರ. ತಡವಾದಷ್ಟೂ ಜೀವಗಳು ಹೋಗುತ್ತವೆಂದು, ಅಂದಿನ ಪ್ರವಚನವನ್ನು ಬೇರೆಯವರಿಗೆ ವಹಿಸಿ, ಸಂಜೆಯೊಳಗೆ ಬಂಗಾಳಿಗೆ ಅನುವಾದಿಸಿ ಮುಗಿಸಿದ.

ಆತನ ಮತಪ್ರಚಾರವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ತನ್ನಲ್ಲಿ ವಿಶೇಷ ಪ್ರತಿಭೆಯೇನೂ ಇಲ್ಲ, ಹಿಡಿದದ್ದನ್ನು ಬಿಡದೆ ಎಳೆಯಬಲ್ಲೆ ಅಷ್ಟೆ ಎನ್ನುತ್ತಿದ್ದ ಈ ಪಾದ್ರಿಯಿಂದ ನಮ್ಮ ಮಕ್ಕಳು ಕಲಿಯುವುದಿದೆ. ಪೋಷಕರೂ ಒಂದು ಮಾತು ಗಮನಿಸಬೇಕು. ಪರೀಕ್ಷೆಯಲ್ಲಿ ಸೋತು ಬಂದ ಮಗು ವರ್ಷವಿಡೀ ಕಲಿತದ್ದೆಲ್ಲ ಬೂದಿಯಾಗಿರುವುದಿಲ್ಲ. ಬಯ್ಯುವ ಮೊದಲು ಅದರ ಪಕ್ಕದಲ್ಲಿ ಕುಳಿತು, ಉಳಿದಿರುವುದೇನೆಂದು ಹುಡುಕಿ ನೋಡಿ.