ಮರುಬಣ್ಣ ಬಳಿದ ಹೊಸ ಕಾರು

ಸ್ಪೋರ್ಟ್ಸ್ ಕಾರಿನ ವಿಷಯವಾಗಿ ಬರೆಯಲು ಕಲಾ ಕಾಲೇಜಿನ ವಿದ್ಯಾರ್ಥಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಂಥ ಕಾರಿನಲ್ಲಿ ನಾನು ಕುಳಿತವನಲ್ಲ. ಬಸ್ ಪಾಸಿನ ಬಲದಿಂದ ಮೂರು ವರ್ಷ ಈ ಕಾಲೇಜಿಗೆ ಬಂದವನು. ಆದರೆ ಕಾರಿನ ಬಣ್ಣದ ಮಾತು ಬೇರೆ. ನಮ್ಮ ತಂದೆಯವರು ಊರ ಹೊರಗಿನ ಟಿಂಕರಿಂಗ್ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಸ್ಪ್ರೇ ಗನ್ ಹಿಡಿದು ನಮ್ಮನ್ನು ಸಾಕಿದವರು. ತಿನ್ನರಿನ ವಾಸನೆ ನಮ್ಮ ಮನೆಯಲ್ಲಿ ಒಗ್ಗರಣೆಯ ವಾಸನೆಯಷ್ಟೇ ಹಳೆಯದು. ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ನಾಲ್ಕು ಮಾತನಾಡಿದರೆ ಅಧಿಕಪ್ರಸಂಗವೆನಿಸಲಾರದೆಂದು ನಂಬಿದ್ದೇನೆ.

ರಾಜ್ಯಶಾಸ್ತ್ರದ ಪಾಠದಲ್ಲಿ ಅಮೆರಿಕದ ಸಂವಿಧಾನದ ೧೪ನೆಯ ತಿದ್ದುಪಡಿ ಬಂದಿತು. ಅದರ ಆಧಾರದ ಮೇಲೆ ತೀರ್ಮಾನವಾದ ಮೊಕದ್ದಮೆಗಳನ್ನು ಓದುತ್ತ ಹೋದಾಗ ನಮ್ಮ ಶೆಡ್ಡಿನ ಬಾಗಿಲಿಗೇ ಬಂದು ನಿಂತಂತಹ ಒಂದು ಮೊಕದ್ದಮೆ ನನಗೆ ಸಿಕ್ಕಿತು. ೧೯೯೦ರ ಜನವರಿಯಲ್ಲಿ ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ಡಾಕ್ಟರ್ ಐರಾ ಗೋರ್ ಎಂಬುವರು ೪೦,೭೫೦ ಡಾಲರ್ ಕೊಟ್ಟು ಕಪ್ಪು ಬಣ್ಣದ ಬಿ.ಎಂ.ಡಬ್ಲ್ಯು. ಸ್ಪೋರ್ಟ್ಸ್ ಸೆಡಾನ್ ಒಂದನ್ನು ಕೊಂಡರು. ಒಂಬತ್ತು ತಿಂಗಳು ಓಡಿಸಿದರೂ ಅವರಿಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಇನ್ನಷ್ಟು ಮಿರುಗಲಿ ಎಂದು ಪಾಲಿಷ್ ಮಾಡುವವರ ಬಳಿಗೆ ಕಾರನ್ನು ಒಯ್ದಾಗ, ಇದಕ್ಕೆ ಮತ್ತೊಮ್ಮೆ ಬಣ್ಣ ಬಳಿದಿದ್ದಾರೆಂಬ ಸಂಗತಿ ಹೊರಬಿತ್ತು. ಜರ್ಮನಿಯಿಂದ ಬರುವ ದಾರಿಯಲ್ಲಿ ಆಮ್ಲಮಳೆಗೆ ಸಿಕ್ಕಿ ಬಣ್ಣ ಕೆಟ್ಟು, ಮೇಲ್ಛಾವಣಿ, ಬಾನೆಟ್ಟು, ಡಿಕ್ಕಿ ಮತ್ತು ಪಕ್ಕಗಳಿಗೆ ಹೊಸದಾಗಿ ಬಣ್ಣ ಹೊಡೆಯಲಾಗಿತ್ತು. ಖರ್ಚು ಸುಮಾರು ೬೦೧ ಡಾಲರ್, ಬೆಲೆಯ ನೂರಕ್ಕೆ ಒಂದೂವರೆ ಪಾಲು. ರಿಪೇರಿಯ ಖರ್ಚು ನೂರಕ್ಕೆ ಮೂರು ಪಾಲನ್ನು ಮೀರದಿದ್ದರೆ ಯಾರಿಗೂ ತಿಳಿಸದೆ ಹೊಸದೆಂದೇ ಮಾರುವುದು ಆ ಕಂಪೆನಿ ೧೯೮೩ರಿಂದ ಇಟ್ಟುಕೊಂಡಿದ್ದ ಪದ್ಧತಿ.

ಜ್ಯೂರಿಯವರು ಡಾಕ್ಟರಿಗೆ ೪,೦೦೦ ಡಾಲರ್ ನಷ್ಟಪರಿಹಾರವನ್ನೂ, ಕಂಪೆನಿಗೆ ೪೦ ಲಕ್ಷ ಡಾಲರ್ ದಂಡವನ್ನೂ ವಿಧಿಸಿದರು. ಅಲಬಾಮದ ಸುಪ್ರೀಂ ಕೋರ್ಟು ದಂಡವನ್ನು ೨೦ ಲಕ್ಷಕ್ಕೆ ಇಳಿಸಿತು. ೧೯೯೬ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ನಾಲ್ವರ ವಿರುದ್ಧ ಐವರು ನ್ಯಾಯಾಧೀಶರ ಬಹುಮತದಿಂದ, ಅದೂ ವಿಪರೀತವೆಂದು ತೀರ್ಪಿತ್ತಿತು. ಕಡೆಗೆ ೧೯೯೭ರಲ್ಲಿ ಉಳಿದದ್ದು ೫೦,೦೦೦ ಡಾಲರ್. ಕಾನೂನು ಓದುವವರು ಈ ಮೊಕದ್ದಮೆಯನ್ನು ದಂಡದ ಮಿತಿಯ ಸಲುವಾಗಿ ನೆನೆಯುತ್ತಾರೆ. ನನ್ನ ಮನಸ್ಸು ಮಾತ್ರ ಆ ಪಾಲಿಷ್ ಅಂಗಡಿಯಲ್ಲಿಯೇ ನಿಂತುಬಿಟ್ಟಿತು. ಡಾಕ್ಟರಿಗೆ ಕಾಣದ್ದು ಅಲ್ಲಿಯವರಿಗೆ ಕಂಡಿತಲ್ಲ! ನಮ್ಮ ತಂದೆಯವರಾಗಿದ್ದರೂ ಒಮ್ಮೆ ಕೈಯಾಡಿಸಿ ಹೇಳುತ್ತಿದ್ದರು.

ಹಾಗೆಂದು ಹೊಸ ಕಾರಿನಲ್ಲಿ ಬಣ್ಣ ಎರಡು ಬಗೆಯಾಗಿ ಕಂಡಕೂಡಲೇ ಮೋಸವೆನ್ನುವುದೂ ತಪ್ಪು. ಉಕ್ಕಿನ ಮೈಯನ್ನು ಕಾರ್ಖಾನೆಯಲ್ಲಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತು ಹಾಯಿಸಿ, ಕುಲುಮೆಯಲ್ಲಿ ಸುಮಾರು ೧೬೦ರಿಂದ ೧೮೦ ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಮೇಲಿನ ಬಣ್ಣ ಮತ್ತು ಕ್ಲಿಯರ್ ಕೋಟು ಸುಮಾರು ೧೪೦ ಡಿಗ್ರಿಯಲ್ಲಿ ಗಟ್ಟಿಯಾಗುತ್ತವೆ. ಬಂಪರ್ ಇರುವುದು ಪ್ಲಾಸ್ಟಿಕ್ಕಿನದು. ಆ ಶಾಖಕ್ಕೆ ಅದು ಸೊಟ್ಟಗಾಗುತ್ತದೆ. ಆದ್ದರಿಂದ ಅದಕ್ಕೆ ಬೇರೆಯಾಗಿ, ಎಷ್ಟೋ ವೇಳೆ ಬೇರೆ ಕಾರ್ಖಾನೆಯಲ್ಲಿಯೇ, ಬೇರೆ ಜಾತಿಯ ಬಣ್ಣ ಹೊಡೆದು, ಸುಮಾರು ೮೦ ಡಿಗ್ರಿಯಲ್ಲಿ ಒಣಗಿಸಿ ತಂದು ಜೋಡಿಸುತ್ತಾರೆ. ಬಣ್ಣದ ಸಂಖ್ಯೆ ಒಂದೇ, ಕುಲುಮೆಗಳು ಎರಡು! ಮೆಟಾಲಿಕ್ ಬಣ್ಣವಾದರಂತೂ ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗಿದವು ಎಂಬುದರ ಮೇಲೆ ಛಾಯೆ ಹೋಗುತ್ತದೆ. ಗನ್ನನ್ನು ನಾಲ್ಕು ಬೆರಳು ದೂರ ಹಿಡಿದರೆ ಒಂದು ಬಣ್ಣ, ಹತ್ತಿರ ಹಿಡಿದರೆ ಇನ್ನೊಂದು. ಶೋರೂಮಿನ ದೀಪದ ಕೆಳಗೆ ಒಂದೇ ಆಗಿ ಕಂಡದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಎರಡಾಗಿ ಕಾಣುವುದುಂಟು.

ಬಂಪರಿಗೆ ಮತ್ತೆ ಬಣ್ಣ ಹೊಡೆಯುವುದೆಂದರೆ ಇನ್ನೂ ಕಷ್ಟ. ಆ ಪ್ಲಾಸ್ಟಿಕ್ಕು ಬಣ್ಣವನ್ನು ಸುಲಭವಾಗಿ ಹಿಡಿದುಕೊಳ್ಳುವ ವಸ್ತುವಲ್ಲ. ಮೇಣ, ಜಿಡ್ಡು ಎಲ್ಲವನ್ನೂ ಒರೆಸಿ, ವಾಟರ್ ಪೇಪರಿನಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, ಪ್ರತಿಯೊಂದು ಕೋಟೂ ಆರುವವರೆಗೆ ಕಾಯಬೇಕು. ಇದರಲ್ಲಿ ಒಂದು ತಪ್ಪಿದರೂ, ಇಂದು ಕನ್ನಡಿಯಂತೆ ಹೊಳೆದದ್ದು ವರ್ಷ ತುಂಬುವುದರೊಳಗೆ ಸರ್ವಿಸ್ ಸ್ಟೇಷನ್ನಿನ ನೀರಿನ ರಭಸಕ್ಕೆ ಹಾಳೆಯಂತೆ ಎದ್ದುಬರುತ್ತದೆ. ಉಕ್ಕಿನ ಮೇಲಿನ ಬಣ್ಣದ ದಪ್ಪವನ್ನು ಅಳೆಯುವ ಸಾಮಾನ್ಯ ಗೇಜು ಪ್ಲಾಸ್ಟಿಕ್ಕಿನ ಮೇಲೆ ಕೆಲಸಮಾಡುವುದಿಲ್ಲ. ಮುಚ್ಚಿಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? (ಇವೆಲ್ಲದರ ನಡುವೆ ಹಾರ್ಡನರ್ ಬೆರೆಸಿದ ಕ್ಲಿಯರ್ ಕೋಟಿನ ಹೊಗೆಯನ್ನು ಮೂಗಿಗೆ ಬರಿಯ ಟವೆಲು ಕಟ್ಟಿಕೊಂಡು ನುಂಗುವವರು ಇದ್ದಾರೆ. ಅದರಲ್ಲಿರುವ ಐಸೊಸಯನೇಟಿನಿಂದ ಉಬ್ಬಸ ಬರುತ್ತದೆಂಬುದು ತಿಳಿದ ಸಂಗತಿ. ಆ ಕಥೆಯನ್ನು ಇನ್ನೊಮ್ಮೆ ಬರೆದೇನು.)

೨೦೨೩ರ ಆಯುಧಪೂಜೆಯ ಹಿಂದಿನ ರಾತ್ರಿ ಒಂದು ಹೊಚ್ಚಹೊಸ ಕಾರು ನಮ್ಮ ಶೆಡ್ಡಿಗೆ ಬಂದಿತು. ಸ್ಪೋರ್ಟ್ಸ್ ಕಾರಲ್ಲ, ಸಾಧಾರಣವಾದದ್ದು. ಲಾರಿಯಿಂದ ಇಳಿಸುವಾಗ ಬಂಪರಿನ ಮೂಲೆ ಉಜ್ಜಿಹೋಗಿತ್ತು. “ಪ್ಲಾಸ್ಟಿಕ್ ಪ್ರೈಮರ್ ತೀರಿದೆ ಸಾರ್, ನಾಳೆ ಅಂಗಡಿ ತೆಗೀಲಿ” ಎಂದರು ತಂದೆಯವರು. “ಬೆಳಿಗ್ಗೆ ಒಂಬತ್ತಕ್ಕೆ ಪೂಜೆ ಇದೆ ಕಣಯ್ಯ, ಹೊಡಿ” ಎಂದರು ತಂದವರು. ನಾನು ಹ್ಯಾಲೋಜನ್ ದೀಪ ಹಿಡಿದು ನಿಂತೆ. ಕೈಗೆ ಬಂದ ಎರಡೂವರೆ ಸಾವಿರ ರೂಪಾಯಿ ನನ್ನ ಪರೀಕ್ಷೆಯ ಶುಲ್ಕಕ್ಕೆ ಹೋಯಿತು. ಮರುದಿನ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ: ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಹಾರ, ಒಬ್ಬ ತಾಯಿ ಬಗ್ಗಿ ಅದೇ ಬಂಪರಿನ ಮೂಲೆಗೆ ಕುಂಕುಮ ಹಚ್ಚುತ್ತಿದ್ದರು.

೨೦೨೪ರ ಬೇಸಿಗೆಯಲ್ಲಿ ಆ ಕಾರು ಮರಳಿ ನಮ್ಮಲ್ಲಿಗೇ ಬಂದಿತು. ಯಜಮಾನರು ಒಬ್ಬ ಮೇಷ್ಟ್ರು. ಬಂಪರಿನ ಬಣ್ಣ ಅಂಗೈ ಅಗಲ ಎದ್ದಿತ್ತು. ಮಾರಿದವರಲ್ಲಿ ವಿಚಾರಿಸಿದರೆ, ನೀವೇ ಎಲ್ಲಿಯೋ ಗುದ್ದಿ ಹೊರಗೆ ಬಣ್ಣ ಹೊಡೆಸಿದ್ದೀರಿ ಎಂದು ಹೇಳಿ ಕಳುಹಿಸಿದ್ದರಂತೆ. “ನಾನು ಸುಳ್ಳು ಹೇಳೋನ ಹಾಗೆ ಕಾಣ್ತೀನೇನ್ರಿ?” ಎಂದು ಅವರು ತಂದೆಯವರನ್ನು ಕೇಳಿದರು. ತಂದೆಯವರು ತಮ್ಮ ಕೆಲಸವನ್ನು ತಾವು ಗುರುತಿಸಿದ್ದರು. ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡು, ಈ ಸಲ ಮೂರು ದಿನ ಹಿಡಿದು, ಸರಿಯಾಗಿ ಮಾಡಿಕೊಟ್ಟರು. ಬಾಯಿ ಮಾತ್ರ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮೇಷ್ಟ್ರು ಹೋಗುವಾಗ ನಮಗೆ ಕೃತಜ್ಞತೆ ಹೇಳಿಹೋದರು.

ಮರುಬಣ್ಣ ಹೊಡೆಯುವುದೇ ಪಾಪವೆಂದು ನಾನು ವಾದಿಸುತ್ತಿಲ್ಲ. ಸಾವಿರಾರು ಮೈಲಿ ಸಾಗುವ ವಸ್ತುವಿಗೆ ಗೀರು ಬೀಳುವುದು ಸಹಜ. ಆದರೆ ಅದನ್ನು ಕೊಳ್ಳುವವನಿಗೆ ಬರೆದುಕೊಡಬೇಕು: ಯಾವ ಭಾಗ, ಎಂದು, ಯಾರಿಂದ, ಎಷ್ಟು ಕಾಲದ ಭರವಸೆ. ನವೀಕರಿಸಿದ ಸರಕನ್ನು ಹೊಸದೆಂದು ಸುಳ್ಳು ಹೇಳಿ ತೋರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ನಮ್ಮ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಹೇಳುತ್ತದೆ. ಒಂದು ಮೂಲೆಯ ಬಣ್ಣಕ್ಕೆ ಕಾರೆಲ್ಲ ನವೀಕೃತವಾಯಿತೇ ಎಂದು ವಕೀಲರು ವಾದಿಸಬಹುದು. ನೂರಕ್ಕೆ ಮೂರರಂಥ ಮಿತಿ ಸಾಕೆನ್ನುವವರೂ ಉಂಟು. ಅವರು ಒಂದು ಲೆಕ್ಕ ಹಾಕಬೇಕು. ಹತ್ತು ಲಕ್ಷದ ಕಾರಿಗೆ ನೂರಕ್ಕೆ ಮೂರೆಂದರೆ ಮೂವತ್ತು ಸಾವಿರ. ನಮ್ಮ ಶೆಡ್ಡಿನಲ್ಲಿ ಬಂಪರಿನ ಬಣ್ಣ ಎಂದೂ ಅದರ ಹತ್ತಿರ ಹೋಗುವುದಿಲ್ಲ. ಕೆಲಸ ಕಡಿಮೆ ಖರ್ಚಿನದಾದಷ್ಟೂ ಹೇಳುವ ಹೊಣೆ ಇಲ್ಲ ಎಂದಾಗುತ್ತದೆ. ಬೇಗ ಕಿತ್ತುಬರುವುದೂ ಕಡಿಮೆ ಖರ್ಚಿನ ಕೆಲಸವೇ. ಮೇಲಾಗಿ, ಚೀಟಿಯಿದ್ದಿದ್ದರೆ ಮೇಷ್ಟ್ರು ಸುಳ್ಳುಗಾರರಾಗುತ್ತಿರಲಿಲ್ಲ. ಪ್ರೈಮರ್ ಇಲ್ಲದೆ ಹೊಡೆಯೆಂದು ಅವಸರಪಡಿಸಿದವರು ತಮ್ಮ ಹೆಸರು ಬರೆಯುವ ಮೊದಲು ಒಂದು ದಿನ ಕಾಯುತ್ತಿದ್ದರು.

ಗೋರ್ ಮೊಕದ್ದಮೆಯನ್ನು ಓದಿದ ಸಂಜೆ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ಗನ್ನಿನ ಮೂತಿ ತೊಳೆಯುತ್ತಿದ್ದರು. “ಅಲ್ಲಪ್ಪ, ಬರೆದು ಕೊಟ್ರೆ ನಾಳೆಯಿಂದ ಅವರು ಗಾಡಿ ಕಳಿಸ್ತಾರಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ನಿನ್ನ ಅಕ್ಷರ ಚೆನ್ನಾಗಿದೆ. ಒಂದು ಪುಸ್ತಕ ತಗೊಂಡು ಬಾ” ಎಂದರು. ಈಗ ಶೆಡ್ಡಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಬಂದ ಪ್ರತಿ ಗಾಡಿಯ ಗುರುತು, ಬಣ್ಣದ ಸಂಖ್ಯೆ, ಹೊಡೆದ ಭಾಗ, ತಾರೀಖು, ತಂದವರ ಸಹಿ. ಯಜಮಾನರು ಕೇಳಿದರೆ ತೋರಿಸುವುದೆಂದು ನಿಶ್ಚಯ. ಸಹಿ ಹಾಕಲೊಲ್ಲದೆ ಇಬ್ಬರು ಈಗಾಗಲೇ ಬೇರೆ ಶೆಡ್ಡಿಗೆ ಹೋಗಿದ್ದಾರೆ. ಮೊದಲ ಪುಟದಲ್ಲಿ, ತಂದೆಯವರು ಹೇಳಿ ಬರೆಯಿಸಿದಂತೆ, ಮೇಷ್ಟ್ರ ಕಾರಿನ ವಿವರವಿದೆ. ಅದರ ಮುಂದೆ ಸಹಿಯ ಜಾಗ ಖಾಲಿ.